ಕೆಲವು ಕೆಟ್ಟ ಚಿತ್ರಗಳು ನಗಿಸುತ್ತವೆ, ಕೆಲವು ನೋಯಿಸುತ್ತವೆ: ಏಕೆ?

ಬಾಲ್ಕನಿ ಸೀಟು (ಪ್ರಶ್ನೆ):

ಟಾಮಿ ವೈಸೊ ಅವರ ‘ದಿ ರೂಮ್’ (2003) ಚಿತ್ರವನ್ನು ಇತ್ತೀಚೆಗೆ ಗೆಳೆಯರೊಂದಿಗೆ ನೋಡಿದೆ. ಕತೆಗೆ ಹಿಂದುಮುಂದಿಲ್ಲ. ನಾಯಕಿಯ ತಾಯಿ ತನಗೆ ಸ್ತನ ಕ್ಯಾನ್ಸರ್ ಇದೆಯೆಂದು ಒಂದು ದೃಶ್ಯದಲ್ಲಿ ಹೇಳುತ್ತಾಳೆ, ಚಿತ್ರ ಮುಗಿಯುವವರೆಗೂ ಆ ಮಾತನ್ನು ಮತ್ತೆ ಯಾರೂ ಎತ್ತುವುದಿಲ್ಲ. ಆದರೂ ನಾವೆಲ್ಲ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಇನ್ನೊಮ್ಮೆ ನೋಡಬೇಕೆಂದೂ ಅನ್ನಿಸಿತು. ‘ಗೇಮ್ ಆಫ್ ಥ್ರೋನ್ಸ್’ ಧಾರಾವಾಹಿಯ ಕೊನೆಯ ಸೀಸನ್ (2019) ನಟನೆ, ಸಂಗೀತ, ಛಾಯಾಗ್ರಹಣ ಎಲ್ಲದರಲ್ಲೂ ಇದಕ್ಕಿಂತ ಎಷ್ಟೋ ಮೇಲು. ಹಾಗಿದ್ದರೂ ಅದನ್ನು ನೆನೆದರೆ ಇವತ್ತಿಗೂ ಬೇಸರವೇ ಆಗುತ್ತದೆ. ಈ ವ್ಯತ್ಯಾಸ ಎಲ್ಲಿಂದ ಬರುತ್ತದೆ? ನಗಿಸುವ ಬಗೆಯ ಇನ್ನಷ್ಟು ಚಿತ್ರಗಳನ್ನೂ ತಿಳಿಸಿ.

ಹಳೆಯ ರೀಲು (ಉತ್ತರ):

‘ಗೇಮ್ ಆಫ್ ಥ್ರೋನ್ಸ್’ ನಮ್ಮಲ್ಲಿ ಒಂದು ಅಭ್ಯಾಸವನ್ನು ಬೆಳೆಸಿತ್ತು. ಯಾರೇ ಒಂದು ತಪ್ಪು ಮಾಡಲಿ, ಅದರ ಫಲ ಹತ್ತಾರು ಕಂತುಗಳಾಚೆಗಾದರೂ ಅವರನ್ನು ಹುಡುಕಿಕೊಂಡು ಬರುತ್ತದೆಂದು ನಾವು ನಂಬಿ ಕಾಯುತ್ತಿದ್ದೆವು. ಮೊದಲ ಆರು ಸೀಸನ್‌ಗಳಲ್ಲಿ ತಲಾ ಹತ್ತು ಕಂತುಗಳಿದ್ದವು. ಏಳನೆಯದಕ್ಕೆ ಏಳು, ಎಂಟನೆಯದಕ್ಕೆ ಆರು ಮಾತ್ರ ಉಳಿದವು. ಶರಣಾಗತಿಯ ಗಂಟೆ ಬಾರಿಸಿದ ಮೇಲೂ, ಸಿಂಹಾಸನಕ್ಕಾಗಿ ಹೋರಾಡುವ ರಾಣಿ ಡೆನೇರಿಸ್ ಇಡೀ ನಗರವನ್ನು ಸುಡುವುದು ನನ್ನ ದೃಷ್ಟಿಯಲ್ಲಿ ತಪ್ಪು ಕಲ್ಪನೆಯಲ್ಲ. ಅವಳ ಕ್ರೌರ್ಯದ ಬೀಜಗಳು ಮೊದಲಿನಿಂದಲೂ ಕತೆಯಲ್ಲಿದ್ದವು. ಆದರೆ ಬೀಜದಿಂದ ಮರದವರೆಗಿನ ಬೆಳವಣಿಗೆಯನ್ನು ತೋರಿಸುವಷ್ಟು ತಾಳ್ಮೆ ಉಳಿದಿರಲಿಲ್ಲ. ವರ್ಷಗಟ್ಟಲೆ ಗಮನವಿಟ್ಟು ನೋಡಿದವರಿಗೆ ಕಾಟಾಚಾರದ ಮುಕ್ತಾಯ ಸಿಕ್ಕಿತು, ಅದಕ್ಕೇ ನೋವು.

‘ದಿ ರೂಮ್’ ಚಿತ್ರದಲ್ಲಿ ನಿಮಗೆ ಕಾಟಾಚಾರವೇ ಕಾಣದು. ವೈಸೊ 35 ಎಂಎಂ ಫಿಲ್ಮ್ ಕ್ಯಾಮೆರಾ ಮತ್ತು ಡಿಜಿಟಲ್ ಕ್ಯಾಮೆರಾ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಚಿತ್ರೀಕರಿಸಿದರು. ತಾರಸಿಯ ಮೇಲಿನ ದೃಶ್ಯಗಳಿಗೆ ಸೆಟ್ ಹಾಕಿ, ಹಸಿರು ಪರದೆಯ ಮೂಲಕ ಹಿನ್ನೆಲೆಗೆ ಸ್ಯಾನ್ ಫ್ರಾನ್ಸಿಸ್ಕೊ ನಗರವನ್ನು ಜೋಡಿಸಿದರು. ಚಿತ್ರ ತೋಪಾದ ಮೇಲೂ ಹಾಲಿವುಡ್‌ನಲ್ಲಿ ಅವರು ಹಾಕಿಸಿದ್ದ ಜಾಹೀರಾತು ಫಲಕ ವರ್ಷಗಟ್ಟಲೆ ಹಾಗೇ ನಿಂತಿತ್ತು. ತಾನೊಂದು ಘನವಾದ ದುರಂತ ಕತೆಯನ್ನು ಹೇಳುತ್ತಿದ್ದೇನೆಂಬ ಅವರ ನಂಬಿಕೆ ಪ್ರತಿ ದೃಶ್ಯದಲ್ಲೂ ಎದ್ದು ಕಾಣುತ್ತದೆ.

ಕತ್ತರಿ ಕೆಲಸ (ಉತ್ತರ):

ಶ್ರದ್ಧೆಯೊಂದೇ ಸಾಕೆಂದು ನಾನು ಒಪ್ಪುವುದಿಲ್ಲ. ಮನಸ್ಸಿಟ್ಟು ಮಾಡಿಯೂ ನೀರಸವಾಗಿರುವ ಚಿತ್ರಗಳು ಲೆಕ್ಕವಿಲ್ಲದಷ್ಟಿವೆ, ಅವನ್ನು ಯಾರೂ ಎರಡನೆಯ ಸಲ ನೋಡುವುದಿಲ್ಲ. ನಗಿಸುವ ಚಿತ್ರದ ತಪ್ಪುಗಳು ‘ಇದನ್ನು ಹೀಗೇಕೆ ಮಾಡಿದರು?’ ಎಂಬ ಕುತೂಹಲವನ್ನು ಮತ್ತೆ ಮತ್ತೆ ಕೆರಳಿಸುತ್ತಿರಬೇಕು. ಎಡ್ ವುಡ್ ಅವರ ‘ಪ್ಲಾನ್ 9 ಫ್ರಮ್ ಔಟರ್ ಸ್ಪೇಸ್’ ಇದಕ್ಕೆ ಒಳ್ಳೆಯ ಉದಾಹರಣೆ. ನಟ ಬೆಲಾ ಲುಗೋಸಿ 1956ರಲ್ಲಿ ತೀರಿಕೊಂಡಾಗ ವುಡ್ ಬಳಿ ಅವರನ್ನು ಚಿತ್ರೀಕರಿಸಿದ ಕೆಲವೇ ತುಣುಕುಗಳಿದ್ದವು. ಉಳಿದ ಭಾಗಕ್ಕೆ ತಮ್ಮ ಹೆಂಡತಿಯ ಪರಿಚಯದ ಬೆನ್ನುಮೂಳೆ ಚಿಕಿತ್ಸಕರೊಬ್ಬರನ್ನು ನಿಲ್ಲಿಸಿ, ಮೇಲುಹೊದಿಕೆಯಿಂದ ಮುಖ ಮುಚ್ಚಿಸಿಬಿಟ್ಟರು. ಅವರು ಲುಗೋಸಿಗಿಂತ ಎತ್ತರವಾಗಿದ್ದರು, ಹೋಲಿಕೆಯೂ ಇರಲಿಲ್ಲ. ಒಂದೇ ದೃಶ್ಯದೊಳಗೆ ಹಗಲು ರಾತ್ರಿಯಾಗಿ, ರಾತ್ರಿ ಮತ್ತೆ ಹಗಲಾಗುತ್ತದೆ. ಸಂಕಲನ ಕಲಿಯುವವರು ಇದನ್ನು ನೋಡಲೇಬೇಕು, ಏಕೆಂದರೆ ಸರಿಯಾದ ಜೋಡಣೆ ನಮ್ಮ ಕಣ್ಣಿನಿಂದ ಏನನ್ನೆಲ್ಲ ಮರೆಸುತ್ತದೆಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

ಹಿಂದಿಯಲ್ಲಿ ಕಾಂತಿ ಶಾ ಅವರ ‘ಗುಂಡಾ’ (1998) ಚಿತ್ರವನ್ನು ಬಹಳ ಜನ ಹೆಸರಿಸುತ್ತಾರೆ. ಖಳರು ಪ್ರಾಸ ಕಟ್ಟಿ ತಮ್ಮ ಪರಿಚಯವನ್ನು ತಾವೇ ಹೇಳಿಕೊಳ್ಳುವ ಭಾಗ ನನಗೂ ಇಷ್ಟ. ಆದರೆ ಹೆಣ್ಣುಮಕ್ಕಳ ಮೇಲಿನ ಹಿಂಸೆಯನ್ನೂ ಆ ಚಿತ್ರ ಅದೇ ಧಾಟಿಯಲ್ಲಿ ದಾಟಿಹೋಗುವುದರಿಂದ, ಗುಂಪಿನಲ್ಲಿ ಕುಳಿತು ನಗಲು ಅದನ್ನು ನಾನು ಸೂಚಿಸಲಾರೆ.

ಸಂಜೆ ಆಟ (ಉತ್ತರ):

ಯಾರನ್ನು ನೋಡಿ ನಗುತ್ತಿದ್ದೇವೆ ಎಂಬುದೂ ಮುಖ್ಯವಾದ ಮಾತು. ‘ಟ್ರೋಲ್ 2’ (1990) ಚಿತ್ರವನ್ನು ಇಟಲಿಯ ತಂಡವೊಂದು ಅಮೆರಿಕದ ಯೂಟಾ ರಾಜ್ಯದಲ್ಲಿ ಬಹುಪಾಲು ಅನುಭವವಿಲ್ಲದ ನಟರನ್ನು ಹಾಕಿಕೊಂಡು ತೆಗೆಯಿತು. ಹೆಸರಿನಲ್ಲಿ ಟ್ರೋಲ್ (ಜನಪದ ಕತೆಗಳ ದೈತ್ಯಜೀವಿ) ಇದ್ದರೂ ಚಿತ್ರದಲ್ಲಿರುವುದು ಗಾಬ್ಲಿನ್‌ಗಳು (ಕುಳ್ಳ ಪಿಶಾಚಿಗಳು) ಮಾತ್ರ. ಅದರಲ್ಲಿ ಬಾಲನಟನಾಗಿದ್ದ ಮೈಕಲ್ ಸ್ಟೀಫನ್ಸನ್ ದೊಡ್ಡವರಾದ ಮೇಲೆ ‘ಬೆಸ್ಟ್ ವರ್ಸ್ಟ್ ಮೂವಿ’ (2009) ಎಂಬ ಸಾಕ್ಷ್ಯಚಿತ್ರ ಮಾಡಿದರು. ತಂದೆಯ ಪಾತ್ರ ವಹಿಸಿದ್ದ ದಂತವೈದ್ಯ ಜಾರ್ಜ್ ಹಾರ್ಡಿ ಅದರಲ್ಲಿ ಪ್ರೇಕ್ಷಕರ ನಗುವನ್ನು ಸಂತೋಷದಿಂದ ಸ್ವೀಕರಿಸುತ್ತಾರೆ. ನಿರ್ದೇಶಕ ಕ್ಲಾಡಿಯೊ ಫ್ರಗಾಸೊ ಅದೇ ನಗುವಿನಿಂದ ನೊಂದುಕೊಳ್ಳುತ್ತಾರೆ. ನಿಮ್ಮ ಗೆಳೆಯರ ಗುಂಪಿಗೆ ನಾನು ಸೂಚಿಸುವುದು ಈ ಜೋಡಿಯನ್ನೇ. ಮೊದಲು ಚಿತ್ರ, ಆಮೇಲೆ ಸಾಕ್ಷ್ಯಚಿತ್ರ, ಸಾಧ್ಯವಾದರೆ ಒಂದೇ ದಿನ ನೋಡಿ.