ಮಕ್ಕಳ ಚಿತ್ರ, ಮಕ್ಕಳ ಕತೆ: ಭಾನುವಾರದ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಇವತ್ತು ಸಂಜೆ 5ರಿಂದ 7ರವರೆಗೆ ಮೇಡಂ ನಮ್ಮ ಜೊತೆ ಇರುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್. ಚಿತ್ರ, ಕತೆ, ಗೊಂಬೆ ಇಟ್ಟುಕೊಂಡು ಮಕ್ಕಳ ಜೊತೆ ಕೆಲಸ ಮಾಡುತ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ಮಕ್ಕಳ ಹೆಸರು, ಫೋಟೋ ಹಾಕಬೇಡಿ. ಫಾರ್ವರ್ಡ್ ಖಂಡಿತಾ ಬೇಡ.

ದಾವಣಗೆರೆ ಅಮ್ಮ: ಮೇಡಂ, ಮಗನಿಗೆ 9 ವರ್ಷ. ಏನು ಬಿಡಿಸಿದರೂ ಬರೀ ಕಪ್ಪು ಬಣ್ಣ. ಡಿಪ್ರೆಶನ್ ಇರಬಹುದಾ?

ಮೇಡಂ: ಬರೀ ಬಣ್ಣ ನೋಡಿ ಹಾಗೆ ಹೇಳಲು ಬರುವುದಿಲ್ಲ. ಕಪ್ಪು ಕ್ರೇಯಾನ್ ಕಾಗದದ ಮೇಲೆ ಚೆನ್ನಾಗಿ ಮೂಡುತ್ತದೆ, ಮಕ್ಕಳಿಗೆ ಅದೇ ಖುಷಿ. ಊಟ, ನಿದ್ದೆ, ಆಟ, ಸ್ಕೂಲು ಹೇಗಿದೆ ನೋಡಿ. ಅವು ಸರಿ ಇದ್ದರೆ ಸುಮ್ನೆ ಬಿಡಿ, ಬಳಿಯಲಿ.

ತುಮಕೂರು ಅಪ್ಪ: ನಮ್ಮ ಮಗಳು ಬರೀ ಕೆಂಪು ಬಳಸುತ್ತಾಳೆ. ಕೋಪ ಜಾಸ್ತಿ ಅಂತಾನಾ?

ಮೇಡಂ: ಮೇಲಿನ ಉತ್ತರ ನೋಡಿ.

ಹಾಸನದ ಅಜ್ಜಿ: ಸೊಸೆ ಟೈಪ್ ಮಾಡಿಕೊಡ್ತಿದ್ದಾಳೆ ಕಣಮ್ಮ. ಮೊಮ್ಮಗನಿಗೆ 11. ಅವರಪ್ಪ ಲಾರಿ ಓಡಿಸ್ತಿದ್ದ, ಹೋದ ವರ್ಷ ತೀರಿಕೊಂಡ. ಮಗು ಅಳಲೇ ಇಲ್ಲ. ದಿನಾ ಲಾರಿ ಬಿಡಿಸ್ತಾನೆ. ಟೈರು, ನಂಬರ್ ಪ್ಲೇಟು, ಹಿಂದೆ ಹೂವಿನ ಚಿತ್ರ, ಎಲ್ಲ ಇರುತ್ತೆ. ಡ್ರೈವರ್ ಸೀಟು ಮಾತ್ರ ಖಾಲಿ. ಯಾಕೋ ಅಂದ್ರೆ ಪುಸ್ತಕ ಮುಚ್ಚಿಬಿಡ್ತಾನೆ.

ಮೇಡಂ: ಅಜ್ಜಿ, ಡ್ರೈವರ್ ಎಲ್ಲಿ ಅಂತ ಕೇಳಬೇಡಿ. ಆ ಖಾಲಿ ಸೀಟನ್ನು ಅವನು ಬೇಕಂತಲೇ ಬಿಟ್ಟಿರಬಹುದು, ಬಿಡದೆಯೂ ಇರಬಹುದು. ಅರ್ಥ ಹೇಳುವ ಕೆಲಸ ನಮ್ಮದಲ್ಲ. ಲಾರಿ ಬಗ್ಗೆ ಕೇಳಿ. ‘ಇವತ್ತು ಎಲ್ಲಿಗೆ ಹೊರಟಿದೆ? ಏನು ಲೋಡು?’ ಅಪ್ಪನ ಬಗ್ಗೆ ಬಾಯಿಬಿಡಲಾಗದ ಮಗು ಲಾರಿ ಬಗ್ಗೆ ಗಂಟೆಗಟ್ಟಲೆ ಮಾತಾಡಬಹುದು. ‘ಇದು ಅಪ್ಪನ ಲಾರಿ ತಾನೇ?’ ಅಂದರೆ ಮತ್ತೆ ಪುಸ್ತಕ ಮುಚ್ಚುತ್ತಾನೆ.

ಇನ್ನೊಂದು. ವಿನಿಕಾಟ್ ಅಂತ ಇಂಗ್ಲೆಂಡಿನಲ್ಲಿ ಮಕ್ಕಳ ಡಾಕ್ಟರ್ ಒಬ್ಬರಿದ್ದರು. ಅವರು ಕಣ್ಣು ಮುಚ್ಚಿ ಒಂದು ಗೀಚು ಗೀಚುತ್ತಿದ್ದರು, ಮಗು ಅದನ್ನು ಏನಾದರೂ ಚಿತ್ರ ಮಾಡಬೇಕು. ಆಮೇಲೆ ಮಗು ಗೀಚಿದ್ದನ್ನು ಅವರು ಚಿತ್ರ ಮಾಡುತ್ತಿದ್ದರು. ಆಡ್ತಾ ಆಡ್ತಾ ಮಾತು ತಾನೇ ಬರುತ್ತಿತ್ತು. ನಿಮಗೆ ಗೀಚುವುದಕ್ಕಿಂತ ರಂಗೋಲಿ ಸುಲಭ ಅಲ್ವಾ? ನೀವು ಚುಕ್ಕಿ ಇಡಿ, ಅವನು ಗೆರೆ ಎಳೆಯಲಿ. ಸರಿಯಾದ ರಂಗೋಲಿ ಆಗಬೇಕಿಲ್ಲ. ‘ಹೀಗೇ ಎಳಿ’ ಅನ್ನುವಂತಿಲ್ಲ ನೀವು!

ಒಂದು ವರ್ಷ ಅಳದೇ ಇರುವುದು ತಪ್ಪೇನಲ್ಲ. ಆದರೆ ಊಟ ಬಿಟ್ಟರೆ, ಸ್ಕೂಲಿಗೆ ಹೋಗಲ್ಲ ಅಂದರೆ ಕಾಯಬೇಡಿ. ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಅಂತ ಮಾನಸಿಕ ಆರೋಗ್ಯದ ಕ್ಲಿನಿಕ್ ನಡೆಯುತ್ತದೆ, ವಿಚಾರಿಸಿ ಕರೆದುಕೊಂಡು ಹೋಗಿ.

ಡ್ರಾಯಿಂಗ್ ಮೇಷ್ಟ್ರು: ನಮಸ್ತೆ. ನಾನೂ 2 ದಿನದ ಆನ್‌ಲೈನ್ ಕೋರ್ಸ್ ಮಾಡಿ ಆರ್ಟ್ ಥೆರಪಿ ಸರ್ಟಿಫಿಕೇಟ್ ಪಡೆದಿದ್ದೇನೆ. ಇಂಥ ಮಕ್ಕಳಿದ್ದರೆ ಕಳಿಸಿ.

ಮೇಡಂ: ಚಿತ್ರಕಲಾ ತರಗತಿ ನಡೆಸಿ, ನಾನೇ ಮಕ್ಕಳನ್ನು ಕಳಿಸುತ್ತೇನೆ. ಥೆರಪಿ ಅಂತ ಬೋರ್ಡ್ ಹಾಕಬೇಡಿ. ಪೋಷಕರೇ, ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಹೇಳಿಕೊಂಡವರ ಹತ್ತಿರ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಸಂಖ್ಯೆ ಕೇಳಿ. ನನ್ನ ಹತ್ತಿರವೂ ಕೇಳಿ.

ಡ್ರಾಯಿಂಗ್ ಮೇಷ್ಟ್ರು: 22 ವರ್ಷದ ಅನುಭವಕ್ಕೆ ಬೆಲೆ ಇಲ್ಲವೇ?

ರಾಯಚೂರು ಸದಸ್ಯ: *ಎಲ್ಲರಿಗೂ ತಲುಪಿಸಿ* 21 ದಿನ ದುಂಡನೆಯ ಮಂಡಲ ಚಿತ್ರಕ್ಕೆ ಬಣ್ಣ ತುಂಬಿದರೆ ಖಿನ್ನತೆ ಮಾಯ!! ಮಾತ್ರೆ ಬಿಸಾಡಿ!! 10 ಜನರಿಗೆ ಕಳಿಸಿ!!

ಮೇಡಂ: ಅಡ್ಮಿನ್, ಇದನ್ನು ತೆಗೆಯಿರಿ. ಬಣ್ಣ ತುಂಬಿದರೆ ಸ್ವಲ್ಪ ಹೊತ್ತು ಮನಸ್ಸು ಹಗುರ ಆಗಬಹುದು. ಅಷ್ಟೇ. ಖಿನ್ನತೆಯ ಮಾತ್ರೆ ತಟ್ಟನೆ ನಿಲ್ಲಿಸಿದರೆ ತಲೆಸುತ್ತು, ನಿದ್ದೆಗೇಡು ಬರಬಹುದು, ಕಾಯಿಲೆಯೂ ಮರುಕಳಿಸಬಹುದು. ಕೊಟ್ಟ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ. ಬಿಸಾಡಿ ಅಂತ ಬರೆದವನು ನಾಳೆ ನಿಮ್ಮ ಮಗುವನ್ನು ನೋಡಿಕೊಳ್ಳಲು ಬರುತ್ತಾನಾ?

ರಾಯಚೂರು ಸದಸ್ಯ: ನಾನು ಬರೆದಿದ್ದಲ್ಲ ಮೇಡಂ, ಬಂದದ್ದನ್ನು ಕಳಿಸಿದೆ.

ಮೈಸೂರು ವಿದ್ಯಾರ್ಥಿನಿ: ನನಗೆ 19. ದಿನಾ ರಾತ್ರಿ ಡೈರಿ ಬರೆಯುತ್ತೇನೆ. ಬರೆದ ಮೇಲೆ ಮನಸ್ಸು ಇನ್ನೂ ಕೆಡುತ್ತೆ. ನಿಲ್ಲಿಸಲಾ?

ಮೇಡಂ: ಬರೆದ ಕೂಡಲೇ ಬೇಜಾರು ಆಗುವುದು ಸಹಜ. 1986ರಲ್ಲಿ ಅಮೆರಿಕದಲ್ಲಿ ಪೆನ್ನೆಬೇಕರ್ ಮತ್ತು ಬೀಲ್ ಅನ್ನುವ ಸಂಶೋಧಕರು ಕಾಲೇಜು ವಿದ್ಯಾರ್ಥಿಗಳಿಂದ ಹೀಗೇ ಬರೆಸಿದರು. ದಿನಕ್ಕೆ 15 ನಿಮಿಷ, 4 ದಿನ. ಮನಸ್ಸಿನ ನೋವು ಬರೆದವರಿಗೆ ಆಗ ಬೇಜಾರಾಯಿತು, ಆದರೆ ಆಮೇಲಿನ ತಿಂಗಳುಗಳಲ್ಲಿ ಅವರು ಡಾಕ್ಟರ್ ಹತ್ತಿರ ಹೋಗಿದ್ದು ಕಡಿಮೆ. 4 ದಿನ ಅನ್ನುವುದನ್ನು ಗಮನಿಸಿ, ಜೀವನಪೂರ್ತಿ ಅಲ್ಲ. ನೀವು ಒಂದೇ ಮಾತನ್ನು ಸುತ್ತಿ ಸುತ್ತಿ ಬರೆಯುತ್ತಿದ್ದರೆ ನಿಲ್ಲಿಸಿ. ‘ನಾನು’ ಬಿಟ್ಟು ‘ಅವಳು’ ಅಂತ ಕತೆ ಬರೆದು ನೋಡಿ.

ಗದಗ ಟೀಚರ್: ನನ್ನ ತರಗತಿಯಲ್ಲಿ 60 ಮಕ್ಕಳು. 40 ನಿಮಿಷದಲ್ಲಿ ಕತೆ ಹೇಳಿಸುವುದು ಹೇಗೆ?

ಶಿರಸಿ ಅಮ್ಮ: ಮೇಡಂ, ಮಗಳಿಗೆ 17, ಸೆಕೆಂಡ್ ಪಿಯು. ಮೊದಲು ದಿನಾ ಚಿತ್ರ ಬಿಡಿಸುತ್ತಿದ್ದಳು. ಒಂದು ತಿಂಗಳಿಂದ ಪೂರ್ತಿ ಬಿಟ್ಟಿದ್ದಾಳೆ. ನಿದ್ದೆ ಇಲ್ಲ, ಊಟ ಇಲ್ಲ, ಬರೀ ಸಿಟ್ಟು. ಮೊನ್ನೆ ಬಣ್ಣದ ಡಬ್ಬಿ, ಬ್ರಶ್ಶು, ಚಿತ್ರದ ಪುಸ್ತಕ ಎಲ್ಲಾ ಚಿಕ್ಕಪ್ಪನ ಮಗಳಿಗೆ ಕೊಟ್ಟುಬಿಟ್ಟಳು. ಆವತ್ತಿಂದ ತುಂಬಾ ಶಾಂತವಾಗಿದ್ದಾಳೆ. ಓದಿನ ಕಡೆ ಗಮನ ಬಂದಿರಬಹುದು ಅಲ್ವಾ? ಮತ್ತೆ ಚಿತ್ರ ಶುರು ಮಾಡಿಸುವುದು ಹೇಗೆ?

ಮೇಡಂ: ಚಿತ್ರದ ಮಾತು ಈಗ ಬಿಡಿ. ಅವಳು ಈ ಕ್ಷಣ ಎಲ್ಲಿದ್ದಾಳೆ?

ಶಿರಸಿ ಅಮ್ಮ: ಮಾಳಿಗೆ ಮೇಲೆ, ಓದ್ತಾ ಇದ್ದಾಳೆ.

ಮೇಡಂ: ಒಬ್ಬಳನ್ನೇ ಬಿಡಬೇಡಿ, ಮೇಲೆ ಹೋಗಿ. ಹೆದರಿಸಲು ಹೇಳುತ್ತಿಲ್ಲ. ತಿಂಗಳು ಒದ್ದಾಡಿದ ಮಗು, ಪ್ರೀತಿಯ ವಸ್ತುಗಳನ್ನು ಹಂಚಿ, ಇದ್ದಕ್ಕಿದ್ದಂತೆ ಶಾಂತವಾದರೆ ಅದನ್ನು ನಾವು ಅಪಾಯದ ಸೂಚನೆ ಅಂತಲೇ ನೋಡುತ್ತೇವೆ. ನನ್ನ ಊಹೆ ತಪ್ಪಾದರೆ ಒಳ್ಳೆಯದೇ.

ಪಕ್ಕ ಕೂತು ನೇರವಾಗಿ ಕೇಳಿ. ‘ಬದುಕೋದೇ ಬೇಡ ಅನ್ನಿಸ್ತಿದೆಯಾ ಪುಟ್ಟಿ? ಸಾಯಬೇಕು ಅನ್ನೋ ಯೋಚನೆ ಬಂದಿದೆಯಾ?’ ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುವುದಿಲ್ಲ. ಕೇಳಿದರಲ್ಲಾ ಅಂತ ಮಕ್ಕಳಿಗೆ ಎಷ್ಟೋ ಸಲ ಹಗುರ ಆಗುತ್ತದೆ. ಹೌದು ಅಂದರೆ ಬೈಯಬೇಡಿ, ಆಣೆ ಹಾಕಿಸಬೇಡಿ, ‘ನಮ್ಮ ಗತಿ ಏನು’ ಅನ್ನಬೇಡಿ. ‘ಹೇಳಿದ್ದು ಒಳ್ಳೇದಾಯ್ತು, ನಾನಿದ್ದೇನೆ’ ಅನ್ನಿ. ಮನೆಯವರಿಗೆ ಹೇಳಿ ತೋಟದ ಔಷಧಿ, ಮನೆಯಲ್ಲಿರುವ ಮಾತ್ರೆ ಎಲ್ಲ ಬೀಗ ಹಾಕಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಉಚಿತ, ರಾತ್ರಿ ಹಗಲೂ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಅವಳು ಇಲ್ಲ ಅಂದರೂ ನಾಳೆ ಡಾಕ್ಟರಿಗೆ ತೋರಿಸಿ. ಹೌದು ಅಂದರೆ ಇವತ್ತೇ ಆಸ್ಪತ್ರೆಯ ತುರ್ತು ವಿಭಾಗ. ಪಿಯು ಪರೀಕ್ಷೆ ಆಮೇಲೆ.

ಬೆಂಗಳೂರು ಹಿರಿಯರು: ಸುಮ್ನೆ ಹೆದರಿಸ್ತೀರಿ. ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ. ಅಜ್ಜಿ ಕತೆ ಹೇಳ್ತಿದ್ರು, ಮಕ್ಕಳು ನೆಟ್ಟಗಿದ್ರು. ಮೊದಲು ಮೊಬೈಲ್ ಕಿತ್ಕೊಳ್ಳಿ.

ಮಂಗಳೂರು ಟೀಚರ್: ಇರಲಿಲ್ಲ ಅಲ್ಲ ಸರ್, ದೆವ್ವ ಹಿಡಿದಿದೆ ಅಂತಿದ್ವಿ.

ಕುಂದಾಪುರ ಸದಸ್ಯ: ಯಕ್ಷಗಾನಕ್ಕೆ ಸೇರಿಸಿ ಮಾರಾಯ್ರೆ. ನಮ್ಮ ಹುಡುಗ ಮಾತೇ ಆಡ್ತಿರಲಿಲ್ಲ. ಗೆಜ್ಜೆ ಕಟ್ಟಿದ ಮೇಲೆ ಬಾಯಿ ಮುಚ್ಚಿಸೋದೇ ಕಷ್ಟ. ಅದೂ ಬಡಗುತಿಟ್ಟಿನ ಶೈಲಿಯೇ ಆಗಬೇಕು.

ಪುತ್ತೂರು ಸದಸ್ಯ: ಅದ್ಯಾಕೆ ಬಡಗೇ? ತೆಂಕಿನಲ್ಲಿ ಧೈರ್ಯ ಬರುವುದಿಲ್ಲವಾ?

ಕುಂದಾಪುರ ಸದಸ್ಯ: ತೆಂಕಿನಲ್ಲಿ ಬರೀ ಚಂಡೆ ಸದ್ದು.

ಪುತ್ತೂರು ಸದಸ್ಯ: ಕೇಳುವ ಕಿವಿ ಬೇಕು!

ಬೆಂಗಳೂರು ಹಿರಿಯರು: ನೋಡಿ, ಇದಕ್ಕೇ ನಾನು ಹೇಳಿದ್ದು ಮೊಬೈಲ್ ಕಿತ್ಕೊಳ್ಳಿ ಅಂತ.

ಮಂಗಳೂರು ಟೀಚರ್: ನೀವೂ ಮೊಬೈಲಿನಲ್ಲೇ ಬರೀತಿದ್ದೀರಿ.

ಮೇಡಂ: ಇಲ್ಲಿ ಒಬ್ಬ ತಾಯಿ ಉತ್ತರಕ್ಕೆ ಕಾಯ್ತಿದ್ದಾರೆ. ತಿಟ್ಟಿನ ಜಗಳ ಬೇರೆ ಕಡೆ ಇಟ್ಟುಕೊಳ್ಳಿ. ಯಕ್ಷಗಾನ ಒಳ್ಳೆಯದು. ಈ ಹುಡುಗಿಗೆ ಇವತ್ತು ಬೇಕಿರುವುದು ಅದಲ್ಲ. ಶಿರಸಿ ಅಮ್ಮ, ಕೇಳಿದ್ರಾ?

ಡ್ರಾಯಿಂಗ್ ಮೇಷ್ಟ್ರು: ನನ್ನ ಪ್ರಶ್ನೆಗೆ ಉತ್ತರ ಬಂದಿಲ್ಲ.

ಮೇಡಂ: ಬರುವುದೂ ಇಲ್ಲ.

ಬಳ್ಳಾರಿ ಅಮ್ಮ: ಮೇಡಂ ನನ್ನ ಮಗನೂ ಕಪ್ಪು ಬಣ್ಣ ಜಾಸ್ತಿ ಬಳಸ್ತಾನೆ...

ಶಿರಸಿ ಅಮ್ಮ: ಕೇಳಿದೆ. ಮೊದಲು ಸುಮ್ಮನಿದ್ದಳು. ಆಮೇಲೆ ಹೂಂ ಅಂದಳು. ತುಂಬಾ ಅತ್ತಳು. 14416ಕ್ಕೆ ಮಾತಾಡಿದೆವು. ಇವರು ಗಾಡಿ ತೆಗೀತಿದ್ದಾರೆ.

ಮೇಡಂ: ಹಿಂದಿನ ಸೀಟಿನಲ್ಲಿ ಅವಳ ಪಕ್ಕ ಕೂರಿ. ಗ್ರೂಪ್ ನೋಡಬೇಡಿ. ನನ್ನ ನಂಬರ್ ಅಡ್ಮಿನ್ ಕೊಡುತ್ತಾರೆ.

ಅಡ್ಮಿನ್: ಇನ್ನು ಹೊಸ ಪ್ರಶ್ನೆ ಬೇಡ. ಬಳ್ಳಾರಿಯವರು ಮೇಲಿನಿಂದ ಓದಿಕೊಂಡು ಬನ್ನಿ.

ಹಾಸನದ ಅಜ್ಜಿ: ಲಾರಿ ಎಲ್ಲಿಗೆ ಹೊರಟಿದೆ ಅಂತ ಕೇಳಿದೆ ಕಣಮ್ಮ. ‘ಹುಬ್ಬಳ್ಳಿಗೆ. ಈರುಳ್ಳಿ ಲೋಡು. ರಾತ್ರಿ ಅಲ್ಲೇ ಮಲಗುತ್ತೆ’ ಅಂದ. ಪುಸ್ತಕ ಮುಚ್ಚಲಿಲ್ಲ. ಮುಂದೆ ಏನು ಕೇಳಲಿ?