ಏಳು ಬಚ್ಚಲುಮನೆ ಮಾಡಿದರೆ ಜಿಎಸ್‌ಟಿ. ಸಣ್ಣ ಕಾಂಟ್ರಾಕ್ಟರ್ ಬದುಕೋದು ಹೇಗೆ?

ಹಳೇಮನೆ ರಿಪೇರಿ:
ಬೆಂಗಳೂರಲ್ಲಿ ಹದಿನಾಲ್ಕು ವರ್ಷದಿಂದ ಹಳೇ ಮನೆ ರಿನೋವೇಶನ್ ಮಾಡಿಸುತ್ತಿದ್ದೇನೆ. ಬಚ್ಚಲುಮನೆ, ಅಡುಗೆಮನೆ, ಸೋರುವ ತಾರಸಿ, ಇಷ್ಟೇ. ಒಂದು ಬಚ್ಚಲುಮನೆ ಪೂರ್ತಿ ಒಡೆದು ಮಾಡಿದರೆ 3 ಲಕ್ಷ. ಟೈಲ್ಸ್, ಸಿಮೆಂಟ್, ಪೈಪು, ನಲ್ಲಿಗೆ 1,65,200. ಕೂಲಿ 1,10,000. ನನಗೆ ಉಳಿಯುವುದು 24,800, ಅದೂ ಮನೆಯವರು ಕೊನೇ ಕಂತು ಕೊಟ್ಟರೆ. ವರ್ಷಕ್ಕೆ ಇಂಥ ಏಳು ಕೆಲಸ ಆದರೆ ಖಾತೆಗೆ ಬಂದದ್ದು 21 ಲಕ್ಷ, ಕೈಯಲ್ಲಿ ಉಳಿದದ್ದು 1,73,600. ಆದರೆ 20 ಲಕ್ಷ ದಾಟಿತಲ್ಲ, ಜಿಎಸ್‌ಟಿ ನೋಂದಣಿ ಮಾಡಿಸಬೇಕು. ಟೈಲ್ಸ್ ಮಾರುವ ಅಂಗಡಿಯವನಿಗೆ ಮಿತಿ 40 ಲಕ್ಷ, ಅದೇ ಟೈಲ್ಸ್ ಅಂಟಿಸುವ ನನಗೆ 20!
2025ರ ಜುಲೈಯಲ್ಲಿ ಯುಪಿಐ ಲೆಕ್ಕ ನೋಡಿ ಬೇಕರಿ, ತರಕಾರಿಯವರಿಗೆಲ್ಲ ನೋಟಿಸ್ ಹೋಯಿತಲ್ಲ, ಆವತ್ತಿಂದ ಗೂಗಲ್ ಪೇ ಟಿಂಗ್ ಅಂದರೆ ಎದೆ ಝಲ್ ಅನ್ನುತ್ತದೆ. ಅದರ ಮೇಲೆ ಈಗ ಹೊಸ ಲೇಬರ್ ಕೋಡ್ (ಕಾರ್ಮಿಕ ಕಾನೂನು) ಬೇರೆ.

ತೆರಿಗೆ ಲೆಕ್ಕ:
ಸಾರ್, ನಿಮ್ಮ ಲೆಕ್ಕವನ್ನೇ ಮುಂದುವರಿಸೋಣ. ಎಲ್ಲರೂ ಹೇಳೋದು "3 ಲಕ್ಷಕ್ಕೆ ಶೇ 18 ಅಂದರೆ 54,000 ಜಾಸ್ತಿ" ಅಂತ. ಅಷ್ಟಾಗಲ್ಲ. ನಿಮ್ಮ 1,65,200ರ ಸಾಮಾನಿನಲ್ಲಿ 25,200 ಜಿಎಸ್‌ಟಿ ಆಗಲೇ ಕೂತಿದೆ (ಎಲ್ಲ ಶೇ 18ರದ್ದೇ ಅಂತ ಇಟ್ಟುಕೊಂಡರೆ. ಸಿಮೆಂಟ್ ಕೂಡ 2025ರ ಸೆಪ್ಟೆಂಬರ್‌ನಲ್ಲಿ 28ರಿಂದ 18ಕ್ಕೆ ಇಳಿಯಿತು). ನೋಂದಣಿ ಇದ್ದರೆ ಆ 25,200 ಕ್ರೆಡಿಟ್ ಸಿಗುತ್ತದೆ, ಅಂದರೆ ನೀವು ಕಟ್ಟಬೇಕಾದ ತೆರಿಗೆಯಲ್ಲಿ ಅಷ್ಟು ಕಳೆದುಕೊಳ್ಳಬಹುದು. ಉಳಿದ 2,74,800ಕ್ಕೆ ಶೇ 18 ಅಂದರೆ 49,464. ಒಟ್ಟು 3,24,264. ಮನೆಯವರಿಗೆ ನಿಜವಾಗಿ ಜಾಸ್ತಿ ಬೀಳೋದು 24 ಸಾವಿರ ಚಿಲ್ಲರೆ.
ವರ್ಷದ ವಹಿವಾಟು 50 ಲಕ್ಷದೊಳಗಿನವರಿಗೆ ಕಾಂಪೊಸಿಷನ್ ಅನ್ನೋ ಸರಳ ದಾರಿಯೂ ಇದೆ, ಒಟ್ಟು ವಹಿವಾಟಿನ ಮೇಲೆ ಶೇ 6 ಕಟ್ಟಿದರೆ ಮುಗಿಯಿತು.

ಹಳೇಮನೆ ರಿಪೇರಿ:
ಕ್ರೆಡಿಟ್ ಬೇಕಾದರೆ ಪ್ರತಿ ಸಾಮಾನಿಗೂ ಬಿಲ್ ಬೇಕು. ಕೆಲಸದ ಮಧ್ಯೆ ಪೈಪಿನ ಎಲ್ಬೋ ಸಾಲದೆ ಬಂದರೆ ಹುಡುಗ ಪಕ್ಕದ ಹಾರ್ಡ್‌ವೇರ್ ಅಂಗಡಿಗೆ ಓಡುತ್ತಾನೆ. ಅವರು ಸಿಗರೇಟ್ ಪ್ಯಾಕ್ ಹರಿದು ಅದರ ಹಿಂದೆ ಬರೆದುಕೊಡುತ್ತಾರೆ. ಕೂಲಿಗಂತೂ ಕ್ರೆಡಿಟ್ಟೇ ಇಲ್ಲ.
ಕಾಂಪೊಸಿಷನ್‌ನಲ್ಲಿ 3 ಲಕ್ಷಕ್ಕೆ 18,000. ಅದನ್ನು ಗಿರಾಕಿ ಹತ್ತಿರ ತೆರಿಗೆ ಅಂತ ಕೇಳೋ ಹಾಗಿಲ್ಲ. 24,800ರಲ್ಲಿ 18,000 ಹೋದರೆ ಉಳಿದದ್ದು 6,800. ಒಂದು ಬಚ್ಚಲುಮನೆಗೆ ಇಪ್ಪತ್ತು ದಿನ ಓಡಾಡಿದ ಪೆಟ್ರೋಲಿಗೂ ಸಾಲಲ್ಲ. ರೇಟು ಏರಿಸಿದರೆ ಪಕ್ಕದ ಬೀದಿಯವನು ಬಿಲ್ಲೇ ಇಲ್ಲದೆ ಮಾಡಿಕೊಡುತ್ತಾನೆ.

ಮಲ್ಲೇಶ್ವರದ ಮನೆಯವರು:
ನಿಮ್ಮ ಕಷ್ಟ ಸರಿ, ನಮ್ಮದೂ ಒಂದು ಕೇಳಿ. ಎರಡು ವರ್ಷದ ಹಿಂದೆ ತಾರಸಿಗೆ ವಾಟರ್‌ಪ್ರೂಫಿಂಗ್ ಮಾಡಿಸಿದೆವು. "ಬಿಲ್ ಬೇಕಾ? ಹಾಗಿದ್ದರೆ ರೇಟು ಬೇರೆ" ಅಂದರು. ಬೇಡ ಅಂದೆವು, ನಮ್ಮ ತಪ್ಪೂ ಇದೆ. ಮೊದಲ ಮಳೆಗೇ ದೇವರ ಮನೆ ಮೂಲೆಯಲ್ಲಿ ತೊಟ್ಟಿಕ್ಕತೊಡಗಿತು. ಫೋನ್ ಮಾಡಿದರೆ ಎತ್ತಲ್ಲ. ಗ್ರಾಹಕರ ಆಯೋಗಕ್ಕೆ ಹೋಗೋಣ ಅಂದರೆ ಕೈಯಲ್ಲಿ ಇದ್ದದ್ದು ಒಂದು ವಾಟ್ಸಾಪ್ ಫೋಟೊ, ಅದರಲ್ಲಿ ಪೆನ್ನಲ್ಲಿ ಬರೆದ ಮೊತ್ತ. ಬಿಲ್ ಇಲ್ಲ ಅಂದರೆ ವಾರಂಟಿಯೂ ಇಲ್ಲ, ಅಲ್ವಾ?

ಇಂಟೀರಿಯರ್ ಮಂಜು:
ನಾನು 2019ರಲ್ಲಿ ನೋಂದಣಿ ಮಾಡಿಸಿದೆ. ಮೊದಲ ವರ್ಷ ಮನೆ ಗಿರಾಕಿಗಳು ಅರ್ಧಕ್ಕರ್ಧ ಓಡಿಹೋದರು, ಸುಳ್ಳು ಹೇಳಲ್ಲ. ಆಮೇಲೆ ಕ್ಲಿನಿಕ್, ಸಣ್ಣ ಆಫೀಸು ಕೆಲಸ ಸಿಗತೊಡಗಿತು. ಕಂಪನಿಗಳಿಗೆ ಬಿಲ್ ಬೇಕು, ಶೇ 18 ಕೊಡಲು ತಕರಾರು ಇಲ್ಲ. ಆದಾಯ ತೆರಿಗೆ ಅಂತ ಶೇ 1 ಟಿಡಿಎಸ್ ಹಿಡಿಯುತ್ತಾರೆ, ರಿಟರ್ನ್ ಹಾಕಿದರೆ ಅದೂ ಲೆಕ್ಕಕ್ಕೆ ಬರುತ್ತದೆ.
ಆದರೆ ಒಂದು ಮಾತಲ್ಲಿ ಹಳೇಮನೆಯವರ ಪರ ನಾನು. ಒಂಟಿ ಹೊಸ ಮನೆ ಕಟ್ಟುವಾಗ ಬರೀ ಕೂಲಿ ಗುತ್ತಿಗೆಗೆ ಜಿಎಸ್‌ಟಿ ವಿನಾಯಿತಿ ಇದೆ. ಅದೇ ಮೇಸ್ತ್ರಿ ಅದೇ ಕರಣೆ ಹಿಡಿದು ಹಳೇ ಮನೆ ಬಚ್ಚಲು ರಿಪೇರಿ ಮಾಡಿದರೆ ವಿನಾಯಿತಿ ಇಲ್ಲ. ಹೊಸದಾಗಿ ಕಟ್ಟಿದರೆ "ಮೂಲ ಕಾಮಗಾರಿ", ಇಂಥ ರಿಪೇರಿ ಅಲ್ಲವಂತೆ. ಇದಕ್ಕೆ ಅರ್ಥ ಇದೆಯಾ?

ತೆರಿಗೆ ಲೆಕ್ಕ:
ಅದು ನಿಜ, ನಾನೂ ಸಮರ್ಥಿಸಲ್ಲ. ಅದಕ್ಕೇ ಸುಮಾರು ಜನ ಸಾಮಾನನ್ನು ಮನೆಯವರ ಹೆಸರಲ್ಲೇ ಕೊಡಿಸುತ್ತಾರೆ. ಆಗ ನಿಮ್ಮ ವಹಿವಾಟು ಕೂಲಿ ಮತ್ತು ನಿಮ್ಮ ಚಾರ್ಜ್ ಮಾತ್ರ. ನಿಮ್ಮ ಲೆಕ್ಕದಲ್ಲಿ ಒಂದು ಬಚ್ಚಲಿಗೆ 1,34,800. ವರ್ಷಕ್ಕೆ ಹದಿನಾಲ್ಕು ಮಾಡಿದರೂ 20 ಲಕ್ಷದೊಳಗೆ. ಕಳ್ಳದಾರಿ ಅಲ್ಲ, ನಿಜವಾಗಿ ಮನೆಯವರೇ ದುಡ್ಡು ಕೊಟ್ಟು ಬಿಲ್ ಇಟ್ಟುಕೊಂಡರೆ ಸಾಕು.
ಲೇಬರ್ ಕೋಡ್ ಬಗ್ಗೆ ಸುಮ್ನೆ ಹೆದರಬೇಡಿ. 2025ರ ನವೆಂಬರ್ 21ರಿಂದ 29 ಹಳೇ ಕಾಯ್ದೆ ಹೋಗಿ ನಾಲ್ಕು ಕೋಡ್ ಬಂದವು. ಗುತ್ತಿಗೆ ಕಾರ್ಮಿಕರ ನಿಯಮ ಮೊದಲು 20 ಜನಕ್ಕಿತ್ತು, ಈಗ 50ಕ್ಕೆ. ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಸಾಮಾನ್ಯವಾಗಿ 10 ಜನದಿಂದ ಮೇಲೆ. ಸ್ವಂತ ವಾಸದ ಮನೆ ಕೆಲಸಕ್ಕೆ ಕಟ್ಟಡ ಕಾರ್ಮಿಕರ ಕಲ್ಯಾಣದ ಶೇ 1ರ ಸೆಸ್ ವಿನಾಯಿತಿ 10 ಲಕ್ಷ ಇದ್ದದ್ದು 50 ಲಕ್ಷ ಆಯಿತು. ಸಣ್ಣವರಿಗೆ ಇದು ಹಗುರವೇ. ಕನಿಷ್ಠ ಕೂಲಿ ಮಾತ್ರ ಒಬ್ಬನೇ ಇದ್ದರೂ ಕೊಡಬೇಕು. ವಾರದ ಕೂಲಿಯನ್ನು ವಾರದ ರಜೆಗೆ ಮೊದಲೇ ಕೊಡಬೇಕು. ಅದು ನಮ್ಮ ಶನಿವಾರದ ಬಟವಾಡೆಯೇ.

ಟೈಲ್ಸ್ ಮೇಸ್ತ್ರಿ:
ಎಲ್ಲರೂ ಮಾಲೀಕರ ಲೆಕ್ಕವೇ ಹೇಳುತ್ತಿದ್ದೀರಿ. ನಾನು ಯಾದಗಿರಿ ಕಡೆಯವನು, ಇಲ್ಲಿ ಹತ್ತು ವರ್ಷದಿಂದ ಟೈಲ್ಸ್ ಕೆಲಸ. ನಮ್ಮಂಥವರು ನಾಲ್ಕೈದು ಜನ ಇರುವ ಕಡೆಯೇ ಇರೋದು. ಹತ್ತು ಅಂದರೆ ನಾವು ಆಚೆ, ಐವತ್ತು ಅಂದರೆ ಇನ್ನೂ ಆಚೆ. ನಿಮಗೆ ಹಗುರ ಆಗಿದ್ದು ನಮ್ಮ ತಲೆ ಮೇಲೆ ಬರುತ್ತದೆ.
ನನ್ನ ಜೊತೆಗಾರ ಸಾರುವೆಯಿಂದ ಬಿದ್ದು ಸೊಂಟ ಮುರಿಯಿತು. ಕಾಂಟ್ರಾಕ್ಟರ್ ಮೊದಲ ದಿನ ಆಸ್ಪತ್ರೆಗೆ ಬಂದು ಹತ್ತು ಸಾವಿರ ಇಟ್ಟು ಹೋದರು, ಆಮೇಲೆ ಬರಲಿಲ್ಲ. ಕಟ್ಟಡ ಕಾರ್ಮಿಕರ ಮಂಡಳಿ ಕಾರ್ಡ್ ಇದ್ದಿದ್ದರೆ ಏನಾದರೂ ಸಿಗುತ್ತಿತ್ತು. ಕಾರ್ಡ್‌ಗೆ ವರ್ಷದಲ್ಲಿ 90 ದಿನ ಕೆಲಸ ಮಾಡಿದ ಪತ್ರ ಬೇಕು. ಸಹಿ ಹಾಕಿ ಅಂದರೆ ಎಲ್ಲ ಕಾಂಟ್ರಾಕ್ಟರೂ "ನಾಳೆ ನೋಡೋಣ" ಅಂತಾರೆ. ಹಾಕಿದರೆ ಇಲಾಖೆಯವರು ಹಿಡಿಯುತ್ತಾರೆ ಅಂತ ಭಯ.

ಇಂಟೀರಿಯರ್ ಮಂಜು:
ಭಯ ನನಗೂ ಇತ್ತು. ನಾಲ್ಕು ಜನಕ್ಕೆ ಸಹಿ ಹಾಕಿದ್ದೇನೆ, ಯಾರೂ ನನ್ನನ್ನು ಹುಡುಕಿಕೊಂಡು ಬಂದಿಲ್ಲ. ಕೆಲಸ ಶುರುವಾಗುವಾಗ ಅಪಘಾತ ವಿಮೆಯನ್ನೂ ಕೊಟೇಶನ್‌ನಲ್ಲೇ ಒಂದು ಸಾಲು ಬರೆದುಬಿಡುತ್ತೇನೆ. ಮಲ್ಲೇಶ್ವರದವರೇ, ಆ ಸಾಲನ್ನು ಹೊಡೆದುಹಾಕಿ ಎಂದು ಕೇಳುವವರು ನಿಮ್ಮಂಥ ಗಿರಾಕಿಗಳೇ, ಬೇಜಾರು ಮಾಡಿಕೊಳ್ಳಬೇಡಿ.

ಮಲ್ಲೇಶ್ವರದ ಮನೆಯವರು:
ಬೇಜಾರಿಲ್ಲ. ನಾವೂ ಹೊಡೆದುಹಾಕುತ್ತಿದ್ದೆವೇನೋ. ಏನಕ್ಕೆ ಅಂತ ಬಿಡಿಸಿ ಬರೆದಿದ್ದರೆ ಕೇಳುತ್ತಿರಲಿಲ್ಲ.

ಹಳೇಮನೆ ರಿಪೇರಿ:
ಮೇಸ್ತ್ರಿ, ನೀವು ಹೇಳಿದ "ನಾಳೆ ನೋಡೋಣ" ನನ್ನ ಮಾತೇ. ನಮ್ಮ ಪ್ಲಂಬರ್ ಹುಡುಗ ಹೋದ ತಿಂಗಳು ಆ ಪತ್ರ ತಂದಿದ್ದ, ಗಾಡಿ ಡಿಕ್ಕಿಯಲ್ಲಿ ಇನ್ನೂ ಬಿದ್ದಿದೆ. ಈ ಶನಿವಾರ ಬಟವಾಡೆ ದಿನ ಸಹಿ ಹಾಕುತ್ತೇನೆ. ಜಿಎಸ್‌ಟಿ ವಿಷಯ ಮಾತ್ರ ಈಗಲೂ ಒಪ್ಪಲ್ಲ. ತೆರಿಗೆ ಲೆಕ್ಕದವರೇ, ಸಾಮಾನು ಮನೆಯವರ ಹೆಸರಲ್ಲಿ ಕೊಡಿಸಿದರೆ, ಒಡೆದ ಟೈಲ್ಸ್‌ಗೆ ಜವಾಬ್ದಾರಿ ಯಾರದ್ದು?