ಚಿಕ್ಕಪ್ಪ ಕಳುಹಿಸಿದ ಎಚ್-ಸೂಚ್ಯಂಕ

ಚಿಕ್ಕಪ್ಪ (ಫಾರ್ವರ್ಡ್): ಲಂಡನ್ನಿನ ಕಾರ್ಲ್ ಫ್ರಿಸ್ಟನ್, ಮಿದುಳು ಚಿತ್ರಣದ ಸಂಶೋಧಕ. ಎಚ್-ಸೂಚ್ಯಂಕ 250 ದಾಟಿದೆ! 2016ರಲ್ಲಿ ಸಂಶೋಧನಾ ಪ್ರಬಂಧಗಳನ್ನು ಹುಡುಕಿಕೊಡುವ ತಾಣ ಸೆಮ್ಯಾಂಟಿಕ್ ಸ್ಕಾಲರ್ ಸಿದ್ಧಪಡಿಸಿದ ಪ್ರಭಾವಿ ನರವಿಜ್ಞಾನಿಗಳ ಪಟ್ಟಿಯಲ್ಲಿ ಮೊದಲ ಹೆಸರು!

ಚಿಕ್ಕಪ್ಪ: ಪುಟ್ಟಿ, ನಿನ್ನ ತಮ್ಮ ಇದನ್ನು ಓದಲಿ. ಅವನೂ ಇದೇ ವಿಷಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದಾನೆ. ಇಷ್ಟು ವರ್ಷಕ್ಕೆ ಒಂದೇ ಪ್ರಬಂಧ!

ಭಾವ: 250 ಎಂದರೆ 250 ಪ್ರಬಂಧ ಬರೆದಿದ್ದಾರೆ ಎಂದೇ?

ನಾನು: ಅಲ್ಲ ಭಾವ, ಬರೆದದ್ದು ಅದಕ್ಕಿಂತ ಬಹಳ ಹೆಚ್ಚು. ತಲಾ 250 ಸಲವಾದರೂ ಬೇರೆಯವರು ಉಲ್ಲೇಖಿಸಿದ ಪ್ರಬಂಧಗಳೇ 250 ಇವೆ ಎಂದು ಅರ್ಥ. ಹಿರ್ಷ್ ಎಂಬ ಭೌತವಿಜ್ಞಾನಿ 2005ರಲ್ಲಿ ಸೂಚಿಸಿದ ಅಳತೆ ಇದು.

ಚಿಕ್ಕಪ್ಪ: ಅಂದರೆ ಜಗತ್ತೇ ಅವರ ಮಾತನ್ನು ಒಪ್ಪಿದೆ. ಇನ್ನೇನು ಬೇಕು?

ನಾನು: ಅಲ್ಲಿಯೇ ನನ್ನ ತಕರಾರು ಚಿಕ್ಕಪ್ಪ. ಉಲ್ಲೇಖಿಸಿದವರೆಲ್ಲ ಒಪ್ಪಿದವರಲ್ಲ. ಫ್ರಿಸ್ಟನ್ ಎಸ್‌ಪಿಎಂ ಎಂಬ ತಂತ್ರಾಂಶ ಕಟ್ಟಿ, 1991ರಿಂದ ಪುಕ್ಕಟೆಯಾಗಿ ಹಂಚಿದರು. ಸ್ಕ್ಯಾನಿನಲ್ಲಿ ಮಿದುಳನ್ನು ಸಾವಿರಾರು ಪುಟ್ಟ ಘನಗಳಾಗಿ ವಿಂಗಡಿಸಿ, ಒಂದೊಂದರಲ್ಲೂ ‘ಇಲ್ಲಿ ನಿಜವಾಗಿಯೂ ಏನಾದರೂ ಬದಲಾಯಿತೇ’ ಎಂದು ಸಂಖ್ಯಾಶಾಸ್ತ್ರದ ಪರೀಕ್ಷೆ ಮಾಡುವ ಸಾಧನ ಅದು. ಅದನ್ನು ಬಳಸಿದವರು ಅವರ ಪ್ರಬಂಧವನ್ನು ಹೆಸರಿಸುವುದು ವಾಡಿಕೆ. ಋಣ ತೀರಿಸುವ ಒಳ್ಳೆಯ ಪದ್ಧತಿಯೇ. ಇಂಥ ಸಾಧನವನ್ನು ದುಡ್ಡು ಕೇಳದೆ ಕೊಟ್ಟವರ ಬಗ್ಗೆ ನನಗೆ ತುಂಬು ಗೌರವವಿದೆ. ಆದರೆ ಆ ಎಣಿಕೆಯಲ್ಲಿ ಸಾಧನದ ಬಳಕೆಯ ಪಾಲೂ ಇದೆ.

ಚಿಕ್ಕಪ್ಪ: ಬಳಸಿದರೆಂದರೆ ನಂಬಿದರು ಎಂದೇ ಅಲ್ಲವೇ? ಮಾತು ತಿರುಗಿಸಬೇಡ.

ನಾನು: ತಿರುಗಿಸುತ್ತಿಲ್ಲ, 2016ರದ್ದೇ ಇನ್ನೊಂದು ಸಂಗತಿ ಕೇಳಿ. ಸ್ವೀಡನ್ನಿನ ಆಂಡರ್ಸ್ ಎಕ್ಲುಂಡ್ ಮತ್ತು ಸಂಗಡಿಗರು 499 ಆರೋಗ್ಯವಂತರ ಸ್ಕ್ಯಾನ್‌ಗಳನ್ನು ತೆಗೆದುಕೊಂಡರು. ಅವರೆಲ್ಲ ಯಾವ ಕೆಲಸವನ್ನೂ ಮಾಡದೆ ಸುಮ್ಮನೆ ಮಲಗಿದ್ದವರು. ಅವರನ್ನು ಮನಬಂದಂತೆ ಗುಂಪು ಮಾಡಿ, ಗುಂಪುಗಳ ನಡುವೆ ವ್ಯತ್ಯಾಸ ಹುಡುಕಿದರು. ಸಿಕ್ಕ ವ್ಯತ್ಯಾಸವೆಲ್ಲ ಸುಳ್ಳೇ ಆಗಿರಬೇಕು, ಅದೂ ನೂರು ಹೋಲಿಕೆಗಳಲ್ಲಿ 5ನ್ನು ಮೀರಬಾರದು. ಎಸ್‌ಪಿಎಂ ಸೇರಿದಂತೆ ಮೂರು ಹೆಸರಾಂತ ತಂತ್ರಾಂಶಗಳನ್ನು ಪರೀಕ್ಷಿಸಿದರು. ಕೆಲವು ಸನ್ನಿವೇಶಗಳಲ್ಲಿ ಸುಳ್ಳು ನೂರಕ್ಕೆ 70ರವರೆಗೆ ಹೋಯಿತು!

ಭಾವ: ಅಯ್ಯೋ, ಹಾಗಾದರೆ ಎಲ್ಲವೂ ನೀರಿನಲ್ಲಿ ಹೋಮವೇ?

ನಾನು: ಇಲ್ಲ ಭಾವ. ಎಕ್ಲುಂಡ್ ತಂಡದವರು ಮೊದಲು 40,000 ಅಧ್ಯಯನಗಳು ಅನುಮಾನಾಸ್ಪದ ಎಂದು ಬರೆದಿದ್ದರು. ಆಮೇಲೆ ಅವರಲ್ಲೇ ಒಬ್ಬರು ಲೆಕ್ಕ ಹಾಕಿ ಸುಮಾರು 3,500 ಎಂದು ಇಳಿಸಿದರು. ಯಾವುದನ್ನು ವ್ಯತ್ಯಾಸವೆಂದು ಎಣಿಸಬೇಕು ಎಂಬ ಮಿತಿಯನ್ನು ಬಿಗಿಯಾಗಿಟ್ಟರೆ ವಿಧಾನ ಕೈಕೊಡುವುದಿಲ್ಲ ಎಂದು ಫ್ರಿಸ್ಟನ್ ಕಡೆಯವರು ಉತ್ತರಿಸಿದರು. ಅದರಲ್ಲೂ ಹುರುಳಿದೆ, ಸಡಿಲ ಮಿತಿ ಬಳಸಿದವರೇ ಹೆಚ್ಚು ಎಡವಿದ್ದು. ಆದರೆ ಚಿಕ್ಕಪ್ಪ, ಹಾಗೆ ಎಡವಿದವರೂ ಎಸ್‌ಪಿಎಂ ಪ್ರಬಂಧವನ್ನು ಉಲ್ಲೇಖಿಸಿರುತ್ತಾರೆ. ಉಲ್ಲೇಖಗಳ ಎಣಿಕೆಗೆ ಅದೂ ಒಂದು, ಸರಿಯಾಗಿ ಮಾಡಿದವರದೂ ಒಂದು.

ತಮ್ಮ: ಅಕ್ಕಾ, ಒಗಾವಾ ಅವರ ಬಗ್ಗೆಯೂ ಹೇಳು.

ನಾನು: ನೀನೇ ಹೇಳು, ನಿನ್ನ ವಿಷಯವಲ್ಲವೇ.

ತಮ್ಮ: ಚಿಕ್ಕಪ್ಪ, 1990ರಲ್ಲಿ ಸೇಜಿ ಒಗಾವಾ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಇಲಿಗಳ ಮಿದುಳಿನ ಚಿತ್ರ ತೆಗೆಯುತ್ತಿದ್ದರು. ಚಿತ್ರದಲ್ಲಿ ತೆಳುವಾದ ಕಪ್ಪು ಗೆರೆಗಳು ಕಂಡವು. ರಕ್ತದಲ್ಲಿ ಆಮ್ಲಜನಕ ಹೆಚ್ಚಿದಾಗ ಅದೇ ಗೆರೆಗಳು ಮಾಸಿದವು. ಆಮ್ಲಜನಕ ಕಳೆದುಕೊಂಡ ಹಿಮೋಗ್ಲೋಬಿನ್ ಕಾಂತಕ್ಷೇತ್ರವನ್ನು ಕೊಂಚ ಕೆಡಿಸುತ್ತದೆ, ಆ ಗೆರೆಗಳು ರಕ್ತನಾಳಗಳು! ಎರಡೇ ವರ್ಷದಲ್ಲಿ, 1992ರಲ್ಲಿ, ಅವರದೂ ಸೇರಿ ಹಲವು ತಂಡಗಳು ಮನುಷ್ಯರಲ್ಲೂ ಇದನ್ನು ತೋರಿಸಿದವು. ನಾನು ದಿನವೂ ನೋಡುವ ಸಂಕೇತ ಅದೇ, ರಕ್ತದ ಆಮ್ಲಜನಕದ ಮಟ್ಟ ತೋರುವ ಅದಕ್ಕೆ ‘ಬೋಲ್ಡ್’ ಎಂದು ಹೆಸರು. ಈಗ ಎಷ್ಟೋ ಪ್ರಬಂಧಗಳು ಅವರ ಹೆಸರೆತ್ತದೆ ‘ಬೋಲ್ಡ್ ಸಂಕೇತ’ ಎಂದಷ್ಟೇ ಬರೆದು ಮುಂದೆ ಹೋಗುತ್ತವೆ. ಎಲ್ಲರಿಗೂ ಗೊತ್ತಿರುವುದನ್ನು ಯಾರು ಉಲ್ಲೇಖಿಸುತ್ತಾರೆ?

ಚಿಕ್ಕಪ್ಪ: ಇದೆಲ್ಲ ಕೇಳಲು ಚೆನ್ನಾಗಿದೆ. ನಾನು ಬ್ಯಾಂಕಿನಲ್ಲಿ ನೇಮಕಾತಿ ಮಾಡಿದವನು. ಎದುರಿಗೆ 200 ಅರ್ಜಿಗಳಿದ್ದರೆ ಯಾರ ಪ್ರಬಂಧ ಯಾರು ಓದುತ್ತಾರೆ? ಅಂಕಿ ನೋಡಿಯೇ ಜರಡಿ ಹಿಡಿಯುವುದು. ನಾಳೆ ಇವನನ್ನೂ ಹಾಗೆಯೇ ನೋಡುತ್ತಾರೆ.

ನಾನು: ನೋಡುತ್ತಾರೆ, ನನ್ನ ಸಿಟ್ಟೂ ಅದಕ್ಕೇ. ಪ್ರಬಂಧ ಪ್ರಕಟವಾದ ನಿಯತಕಾಲಿಕದ ಅಂಕಿ ನೋಡಿ ವ್ಯಕ್ತಿಯನ್ನು ಅಳೆಯಬೇಡಿ ಎಂದು 2012ರಲ್ಲೇ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಂದು ಘೋಷಣೆ ರೂಪುಗೊಂಡಿತು. ಅನೇಕ ಸಂಸ್ಥೆಗಳು ಸಹಿ ಹಾಕಿವೆ. ಎಲ್ಲವನ್ನೂ ಓದಲಾಗದಿದ್ದರೆ ಕೊನೆಯ ಹತ್ತು ಜನರಿಂದ ತಲಾ ಮೂರು ಪ್ರಬಂಧ ಕೇಳಿ ಓದಲಿ. ಇವನು ಆ ಒಂದು ಪ್ರಬಂಧದಲ್ಲಿ ತನ್ನ ಫಲಿತಾಂಶವನ್ನು ಬಿಗಿ ಮಿತಿಯಲ್ಲಿ ಮತ್ತೆ ಪರೀಕ್ಷಿಸಿದ್ದಾನೆ. ಅರ್ಧ ಫಲಿತಾಂಶ ಉಳಿಯಲಿಲ್ಲ, ಉಳಿಯಲಿಲ್ಲ ಎಂದೇ ಬರೆದಿದ್ದಾನೆ. ತಡವಾದದ್ದು ಅದಕ್ಕೆ.

ಚಿಕ್ಕಪ್ಪ: ಇದನ್ನು ಅವನು ನನಗೆ ಹೇಳಿರಲಿಲ್ಲ.

ತಮ್ಮ: ನೀವು ಕೇಳಿದ್ದು ಎಷ್ಟು ಪ್ರಬಂಧ ಎಂದು ಮಾತ್ರ, ಚಿಕ್ಕಪ್ಪ.

ಚಿಕ್ಕಪ್ಪ: ಸರಿ, ಅದನ್ನು ಕಳುಹಿಸು, ಓದುತ್ತೇನೆ. ಅರ್ಥವಾಗದಿದ್ದರೆ ಭಾನುವಾರ ಫೋನ್ ಮಾಡುತ್ತೇನೆ. ಆಯ್ಕೆ ಸಮಿತಿಯ ವಿಷಯದಲ್ಲಿ ಮಾತ್ರ ನಾನು ಹೇಳಿದ್ದೇ ನಡೆಯುತ್ತದೆ, ಎರಡನೆಯ ಪ್ರಬಂಧವನ್ನೂ ಬೇಗ ಮುಗಿಸಲಿ.